ತಾಮ್ರವೋ, ಸಿಹಿನೀರೋ, ತೊಟ್ಟಿ ಬದಲಿಸುವುದೋ: ಕ್ವಾರಂಟೈನಿನಲ್ಲಿರುವ ಕಡಲ ಮೀನಿಗೆ ಯಾವ ಚಿಕಿತ್ಸೆ

ಮುಖ್ಯ ತೊಟ್ಟಿಗೆ ಬಿಡುವ ಮೊದಲು ಕ್ವಾರಂಟೈನ್ ತೊಟ್ಟಿಯಲ್ಲಿ ಬೇರೆಯಾಗಿಟ್ಟ, ಹೊಸದಾಗಿ ತಂದ ಟ್ಯಾಂಗ್ ಎಂಬ ಕಡಲ ಮೀನಿನ ಈಜುರೆಕ್ಕೆಯ ಮೇಲೆ ಏಳೆಂಟು ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ನಾಲ್ಕೈದು ದಿನಗಳಲ್ಲಿ ಮಾಯವಾಗುತ್ತವೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಟ್ಟವರು ಬೆಳ್ಳುಳ್ಳಿಯಿಂದ ವಾಸಿಯಾಯಿತು ಎನ್ನುತ್ತಾರೆ, ನೀರು ಬದಲಿಸಿದವರು ನೀರಿನಿಂದ ಎನ್ನುತ್ತಾರೆ. ಕೈಕಟ್ಟಿ ಕುಳಿತಿದ್ದರೂ ಆ ಚುಕ್ಕೆಗಳು ಅಷ್ಟೇ ದಿನಕ್ಕೆ ಹೋಗುತ್ತಿದ್ದವು. ಚುಕ್ಕೆಯೊಳಗಿದ್ದ ಜೀವಿ ಹೊಟ್ಟೆ ತುಂಬಿಸಿಕೊಂಡು, ಕತ್ತಲಾದ ಮೇಲೆ ಮೀನಿನ ಮೈಯಿಂದ ಕಳಚಿಕೊಂಡು, ತೊಟ್ಟಿಯ ತಳಕ್ಕಂಟಿ ಸುತ್ತಲೂ ಗಟ್ಟಿ ಕೋಶ ಕಟ್ಟಿಕೊಂಡು ಕುಳಿತಿದೆ. ಅದರೊಳಗೆ ಒಂದು ನೂರಾರಾಗಿ ಒಡೆದು ಹೊರಬಂದ ದಿನ, ಮೀನಿನ ಮೇಲಿನ ಚುಕ್ಕೆಗಳನ್ನು ಎಣಿಸಲಾಗುವುದಿಲ್ಲ.

ಚಿಕಿತ್ಸೆಗಳನ್ನು ಹೋಲಿಸುವಾಗ ನಾನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಈ ಔಷಧಿ ಆ ಜೀವಿಯನ್ನು ಅದರ ಬದುಕಿನ ಯಾವ ಹಂತದಲ್ಲಿ ಹೊಡೆಯುತ್ತದೆ? ನೀರಿನಲ್ಲಿ ಅದರ ಪ್ರಮಾಣ ಎಷ್ಟಿದೆಯೆಂದು ನಾನು ಮನೆಯಲ್ಲೇ ಅಳೆಯಬಲ್ಲೆನೇ? ಎರಡಕ್ಕೂ ಉತ್ತರವಿಲ್ಲದ ಬಾಟಲಿಯನ್ನು, ಅದರ ಮೇಲೆ ಏನೇ ಬರೆದಿರಲಿ, ನಾನು ತೆರೆಯುವುದಿಲ್ಲ.

ಈ ಪ್ರಶ್ನೆಗಳನ್ನು ನನಗೆ ಕಲಿಸಿದ್ದು ಒಂದು ಜೋಡಿ ಕ್ಲೌನ್ ಮೀನು. ಕಡಲಿನಿಂದ ಹಿಡಿದು ತಂದಿದ್ದ ಜೋಡಿ. ಬೆಂಗಳೂರಿಗೆ ಬಂದ ಮೂರನೇ ದಿನ ಗಂಡಿನ ಬೆನ್ನು ಮಂಕಾಯಿತು, ಗಂಜಿಯ ಮೇಲೆ ಕಟ್ಟುವ ಕೆನೆಯಂಥ ಪದರವೊಂದು ಮೈಮೇಲೆ ಹರಡಿತು. ಬಿಳಿ ಕಂಡದ್ದೇ ಬಿಳಿಚುಕ್ಕೆ ರೋಗವೆಂದುಕೊಂಡು ತಾಮ್ರ ಹಾಕಿದೆ, ದಿನಕ್ಕೆರಡು ಸಲ ಅಳೆದೆ, ಒಮ್ಮೆಯೂ ಪ್ರಮಾಣ ತಪ್ಪಲಿಲ್ಲ. ಎರಡೂ ಮೀನುಗಳು ಆರನೇ ದಿನದೊಳಗೆ ಸತ್ತವು. ಅವುಗಳಿಗೆ ತಗುಲಿದ್ದದ್ದು ಬ್ರೂಕ್ಲಿನೆಲ್ಲಾ ಎಂಬ ಬೇರೆಯೇ ರೋಗಾಣು. ತಾಮ್ರ ಅದನ್ನು ಕೊಲ್ಲುವುದಿಲ್ಲ. ಅಳತೆ ಸರಿಯಾಗಿತ್ತು, ರೋಗ ಬೇರೆಯಾಗಿತ್ತು. ಆ ಜೋಡಿಯನ್ನು ಉಳಿಸಬಹುದಿತ್ತು ಎಂಬ ಸಂಕಟ ಇಂದಿಗೂ ನನಗಿದೆ.

ಉಪ್ಪಿನ ಕಾಳೋ, ಜರಡಿ ಹಿಡಿದ ಹಿಟ್ಟೋ

ಗೆಳೆಯರು ಫೋನ್ ಮಾಡಿ "ಮೀನಿನ ಮೇಲೆ ಬಿಳಿ ಬಿಳಿ ಕಾಣಿಸುತ್ತಿದೆ" ಎಂದಾಗ ನಾನು ಮೊದಲು ಕೇಳುವುದು ಇದನ್ನೇ: ಉಪ್ಪಿನ ಕಾಳಿನಂತಿದೆಯೇ, ಹಿಟ್ಟಿನಂತಿದೆಯೇ?

ಉಪ್ಪಿನ ಕಾಳಿನಂತೆ, ರವೆಯಂತೆ ಬಿಡಿಬಿಡಿಯಾಗಿ, ಬೆರಳಿಟ್ಟು ಎಣಿಸಬಹುದಾದ ಚುಕ್ಕೆಗಳಾದರೆ ಅದು ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್, ಅಂದರೆ ಕಡಲ ಮೀನಿನ ಬಿಳಿಚುಕ್ಕೆ ರೋಗ. ಮೀನು ಕಲ್ಲಿಗೆ, ಪೈಪಿಗೆ ಮೈ ಉಜ್ಜುತ್ತದೆ, ಆದರೆ ಸಾಮಾನ್ಯವಾಗಿ ಊಟ ಬಿಡುವುದಿಲ್ಲ. ಚುಕ್ಕೆಗಳು ಮೂರರಿಂದ ಏಳು ದಿನ ಇದ್ದು, ಹೋಗಿ, ಮತ್ತೆ ಬರುತ್ತವೆ. ಹೀಗೆ ಹೋಗಿಬರುವುದೇ ಅದರ ಗುರುತು.

ಅಕ್ಕಿಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ಮೈಮೇಲೆ ಉದುರಿಸಿದಂತೆ ಇದ್ದರೆ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಹೊನ್ನಿನ ಧೂಳಿನಂತೆ ಮಿನುಗಿದರೆ, ಅದು ವೆಲ್ವೆಟ್, ಅಮೈಲೂಡಿನಿಯಂ ಒಸೆಲ್ಲೇಟಮ್. ಇದಕ್ಕೆ ಹೆದರಲೇಬೇಕು. ಇದು ಮೊದಲು ಕಿವಿರಿಗೆ ಇಳಿಯುತ್ತದೆ, ಮೈಮೇಲೆ ಹಿಟ್ಟು ಕಾಣಿಸುವುದು ಆಮೇಲೆ. ಎಷ್ಟೋ ಸಲ ಮೈಮೇಲೆ ಏನೂ ಕಾಣಿಸದೆಯೇ ಮೀನು ಸಾಯುತ್ತದೆ. ನೀರು ಚಿಮ್ಮುವ ಪಂಪಿನ ಎದುರಿಗೆ ನಿಂತು ಈಜುವುದು, ಬೆಳಕಿಗೆ ಬೆನ್ನು ಮಾಡಿ ಮೂಲೆ ಸೇರುವುದು, ಇದ್ದಕ್ಕಿದ್ದಂತೆ ಊಟ ಬಿಡುವುದು, ಏದುಸಿರು ಬಿಡುವುದು ಇದರ ಲಕ್ಷಣಗಳು. ಆದುದರಿಂದ ಮೀನು ಬಂದ ದಿನವೇ, ಅದು ಒಂದಿಷ್ಟು ನೆಮ್ಮದಿಗೊಂಡ ಮೇಲೆ, ನಿಮಿಷಕ್ಕೆ ಎಷ್ಟು ಸಲ ಕಿವಿರು ಬಡಿಯುತ್ತದೆಂದು ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕನೇ ದಿನ ಸಂದೇಹ ಬಂದಾಗ ಹೋಲಿಸಲು ನಿಮ್ಮ ಬಳಿ ಒಂದು ಅಂಕಿ ಇರುತ್ತದೆ. ನೀರು ಪರೀಕ್ಷಿಸುವ ಯಾವ ಕಿಟ್‌ಗಿಂತಲೂ ಈ ಪುಸ್ತಕ ನನಗೆ ಹೆಚ್ಚು ನೆರವಾಗಿದೆ.

ಈ ಎರಡೂ ಜೀವಿಗಳನ್ನು ಮೊದಲು ವಿವರಿಸಿ ಹೆಸರಿಟ್ಟವರು ಒಬ್ಬರೇ, ಇ. ಎಂ. ಬ್ರೌನ್. ವೆಲ್ವೆಟ್ 1931ರಲ್ಲಿ, ಬಿಳಿಚುಕ್ಕೆ 1951ರಲ್ಲಿ. ಇಪ್ಪತ್ತು ವರ್ಷಗಳ ಅಂತರದಲ್ಲಿ ಎರಡನ್ನೂ ಬೇರೆ ಬೇರೆಯೆಂದು ಒಬ್ಬರೇ ಗುರುತಿಸಿದ್ದರೂ, ಅಂಗಡಿಗಳಲ್ಲಿ ಇಂದಿಗೂ ಎರಡಕ್ಕೂ "ಬಿಳಿಚುಕ್ಕೆ" ಎಂದೇ ಹೇಳಿ ಒಂದೇ ಬಾಟಲಿ ಕೊಡುತ್ತಾರೆ.

ಕೆನೆ ಕಟ್ಟಿದಂತೆ ಲೋಳೆ ಹರಡಿ, ಚೂರುಚೂರಾಗಿ ಸುಲಿಯುತ್ತಿದ್ದರೆ ಬ್ರೂಕ್ಲಿನೆಲ್ಲಾ ಹಾಸ್ಟಿಲಿಸ್. ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರದೇಶದ ಹೆಸರು ಹೊತ್ತ ಈ ಜೀವಿ ಕ್ಲೌನ್ ಮೀನುಗಳನ್ನು ಹೆಚ್ಚಾಗಿ ಕಾಡುತ್ತದೆ. ಅದು ತಳಕ್ಕೆ ಇಳಿಯುವುದಿಲ್ಲ, ಕೋಶ ಕಟ್ಟುವುದಿಲ್ಲ. ಮೀನಿನ ಮೈಮೇಲೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತದೆ. ಹಾಗಾಗಿಯೇ ಅಷ್ಟು ವೇಗವಾಗಿ ಕೊಲ್ಲುತ್ತದೆ.

ಕ್ರೋಮಿಸ್ ಅಥವಾ ಚಿಟ್ಟೆಮೀನಿನ ಪಕ್ಕೆಯಲ್ಲಿ ಸುಟ್ಟ ಗಾಯದಂಥ ಕೆಂಪು ಕಲೆ ಕಂಡರೆ ಯೂರೋನೆಮಾ ಎಂಬ ರೋಗಾಣುವೆಂದು ಸಂದೇಹಿಸಿ. ಹಳದಿ ಟ್ಯಾಂಗಿನ ಮೇಲೆ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಚಪ್ಪಟೆ ಹುಳುವಿನ ಜಾತಿಯ "ಬ್ಲ್ಯಾಕ್ ಇಕ್". ನೋಡಲು ಭಯವಾದರೂ ಸುಲಭವಾಗಿ ಹೋಗುತ್ತದೆ. ಈಜುರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನಂಥ ಗಂಟು ಇದ್ದರೆ ಅದು ಲಿಂಫೋಸಿಸ್ಟಿಸ್, ವೈರಸ್ಸಿನದು. ಅದಕ್ಕೆ ಔಷಧಿಯಿಲ್ಲ, ಬೇಕಾಗಿಯೂ ಇಲ್ಲ. ಒಳ್ಳೆಯ ಊಟ, ಒಳ್ಳೆಯ ನೀರು ಕೊಟ್ಟರೆ ತಾನಾಗಿ ಕುಗ್ಗುತ್ತದೆ.

ಕಣ್ಣು ಸಾಲದಿದ್ದಾಗ: ಕಪ್ಪು ಬಕೆಟ್ ಮತ್ತು ಮೈಕ್ರೋಸ್ಕೋಪು

ಫ್ಲೂಕ್ ಎಂಬ ಚಪ್ಪಟೆ ಹುಳುಗಳು ಪಾರದರ್ಶಕ. ಮೀನಿನ ಕಣ್ಣಿನ ಮೇಲೆಯೇ ಕುಳಿತಿದ್ದರೂ ಕಾಣಿಸುವುದಿಲ್ಲ. ಇವುಗಳನ್ನು ಪತ್ತೆಹಚ್ಚಲು ಸಿಹಿನೀರ ಸ್ನಾನಕ್ಕಿಂತ ಅಗ್ಗದ ದಾರಿಯಿಲ್ಲ. ಕಪ್ಪು ಬಣ್ಣದ ಬಕೆಟ್ಟಿನಲ್ಲಿ ಆರ್‌ಒ ನೀರು ಹಾಕಿ, ಒಂದು ಗಂಟೆ ಗಾಳಿ ಬಿಟ್ಟು, ತೊಟ್ಟಿಯ ಉಷ್ಣತೆಗೆ ತಂದು, ಪಿಎಚ್ ಅನ್ನು, ಅಂದರೆ ನೀರಿನ ಆಮ್ಲ-ಕ್ಷಾರ ಮಟ್ಟವನ್ನು, ಅಡುಗೆ ಸೋಡಾ ಹಾಕಿ ತೊಟ್ಟಿಯದಕ್ಕೆ ಹತ್ತಿರ ತರಬೇಕು. ಉಷ್ಣತೆ, ಪಿಎಚ್ ಹೊಂದಿಸದೆ ನಲ್ಲಿ ನೀರಿಗೆ ಹಾಕಿದರೆ ಮೀನನ್ನು ಕೊಲ್ಲುವುದು ನೀವೇ.

ಕಳೆದ ಮಳೆಗಾಲದಲ್ಲಿ ಒಂದು ಏಂಜಲ್ ಮೀನನ್ನು ಹೀಗೆ ಬಿಟ್ಟಾಗ ಅದು ಮೊದಲ ಅರ್ಧ ನಿಮಿಷ ಒದ್ದಾಡಿ, ಆಮೇಲೆ ಒಂದು ಮಗ್ಗುಲಿಗೆ ವಾಲಿ ಸುಮ್ಮನಾಯಿತು. ಹೆದರಬೇಕಾಗಿಲ್ಲ, ಹಲವು ಮೀನುಗಳು ಹೀಗೆಯೇ ಮಾಡುತ್ತವೆ. ಎರಡನೇ ನಿಮಿಷದಲ್ಲಿ ಅದರ ಕಣ್ಣು ಮಬ್ಬಾದಂತೆ ಕಂಡಿತು. ಮಬ್ಬಾದದ್ದು ಕಣ್ಣಲ್ಲ. ಕಣ್ಣಿನ ಮೇಲೆ ಅಂಟಿದ್ದ ಹುಳು ಸಿಹಿನೀರಿಗೆ ಬಿಳುಪೇರಿ ಕಾಣಿಸತೊಡಗಿತ್ತು. ಮೂರನೇ ನಿಮಿಷಕ್ಕೆ ಅದು ಕಳಚಿ, ನೆನೆದ ಸಬ್ಬಕ್ಕಿಯ ಚೂರಿನಂತೆ ತೇಲುತ್ತಾ ಕಪ್ಪು ತಳಕ್ಕಿಳಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಐದು ನಿಮಿಷದಲ್ಲಿ ಹನ್ನೊಂದು ಎಣಿಸಿದೆ. ಮೀನಿನ ಮೈಮೇಲೆ ಅದಕ್ಕೆ ಮೊದಲು ಒಂದು ಚುಕ್ಕೆಯೂ ಇರಲಿಲ್ಲ. ಐದು ನಿಮಿಷ ಮೀರಿಸಬೇಡಿ. ಅದಕ್ಕೆ ಮುಂಚೆಯೇ ಕಿವಿರಿನ ಬಡಿತ ನಿಂತಂತೆ ಕಂಡರೆ ತಕ್ಷಣ ಉಪ್ಪುನೀರಿಗೆ ಬಿಡಿ.

ಈ ಸ್ನಾನ ಫ್ಲೂಕನ್ನು ತೋರಿಸುತ್ತದೆ, ಒಂದಿಷ್ಟು ಹಗುರ ಮಾಡುತ್ತದೆ, ಆದರೆ ವಾಸಿ ಮಾಡುವುದಿಲ್ಲ. ಮೊಟ್ಟೆಗಳು ತೊಟ್ಟಿಯಲ್ಲಿಯೇ ಇರುತ್ತವೆ. ಬಿಳಿಚುಕ್ಕೆಗಂತೂ ಇದು ಚಿಕಿತ್ಸೆಯೇ ಅಲ್ಲ, ಆ ಜೀವಿ ಚರ್ಮದ ಮೇಲ್ಪದರದ ಕೆಳಗೆ ಸುರಕ್ಷಿತವಾಗಿ ಕುಳಿತಿರುತ್ತದೆ.

ಇನ್ನೊಂದು ದಾರಿ ಮೈಕ್ರೋಸ್ಕೋಪು. ಶಾಲಾ ಪ್ರಯೋಗಾಲಯದಲ್ಲಿರುವಂಥ, ನೂರು ಪಟ್ಟು ಹಿಗ್ಗಿಸಿ ತೋರಿಸುವ ಸಾಧಾರಣ ಉಪಕರಣ ಸಾಕು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಕವರ್ ಸ್ಲಿಪ್ ಎಂಬ ತೆಳು ಗಾಜಿನ ಅಂಚನ್ನು ತಲೆಯಿಂದ ಬಾಲದ ಕಡೆಗೆ ಹಗುರವಾಗಿ ಎಳೆದು, ಸಿಕ್ಕ ಲೋಳೆಯನ್ನು ಒಂದು ಹನಿ ತೊಟ್ಟಿ ನೀರಿನೊಂದಿಗೆ ತಕ್ಷಣ ನೋಡಬೇಕು. ದೊಡ್ಡದಾಗಿ, ಕಪ್ಪಗೆ, ತನ್ನ ಸುತ್ತ ತಾನೇ ನಿಧಾನವಾಗಿ ಉರುಳುತ್ತಿದ್ದರೆ ಕ್ರಿಪ್ಟೊಕ್ಯಾರಿಯಾನ್. ಪಿಯರ್ ಹಣ್ಣಿನಂತೆ, ಅಲುಗಾಡದೆ ಅಂಟಿಕೊಂಡಿದ್ದರೆ ವೆಲ್ವೆಟ್. ಹುರುಳಿ ಕಾಳಿನಂಥ ಆಕಾರದ್ದು ಚುರುಕಾಗಿ ಜಾರಿಕೊಂಡು ಹೋಗುತ್ತಿದ್ದರೆ ಬ್ರೂಕ್ಲಿನೆಲ್ಲಾ. ಮೀನು ಸತ್ತಿದ್ದರೆ ಕಿವಿರಿನ ಒಂದು ಎಳೆಯನ್ನು ಕತ್ತರಿಸಿ ನೋಡಿ, ಆದರೆ ತಡಮಾಡದೆ. ಸತ್ತ ಮೀನನ್ನು ಈ ಜೀವಿಗಳು ಬೇಗ ಬಿಟ್ಟುಹೋಗುತ್ತವೆ.

ಬಕೆಟ್ಟೋ, ಮೈಕ್ರೋಸ್ಕೋಪೋ ಎಂದರೆ ಮೊದಲು ಬಕೆಟ್, ಎರಡನೇ ವರ್ಷಕ್ಕೆ ಮೈಕ್ರೋಸ್ಕೋಪು. ಒಂದು ಟ್ಯಾಂಗ್ ಮೀನಿಗೆ ಕೊಡುವ ಹಣದಲ್ಲಿ ಬಳಸಿದ ಮೈಕ್ರೋಸ್ಕೋಪು ಸಿಗುತ್ತದೆ, ಅದು ಮುಂದಿನ ಇಪ್ಪತ್ತು ಮೀನುಗಳನ್ನು ಕಾಯುತ್ತದೆ.

ಬಿಳಿಚುಕ್ಕೆಗೆ ನಾಲ್ಕು ದಾರಿಗಳು

ತಾಮ್ರ ಎಲ್ಲಕ್ಕಿಂತ ಹಳೆಯದು, ಬಿಳಿಚುಕ್ಕೆ ಮತ್ತು ವೆಲ್ವೆಟ್ ಎರಡಕ್ಕೂ ಆಗುತ್ತದೆ. ಮೀನಿನ ಮೈಯೊಳಗಿರುವ ಜೀವಿಯನ್ನು, ತಳದ ಕೋಶದೊಳಗಿರುವುದನ್ನು ಅದು ಮುಟ್ಟುವುದಿಲ್ಲ. ಕೋಶ ಒಡೆದು ಹೊಸ ಮೀನನ್ನು ಹುಡುಕುತ್ತಾ ಈಜುವ ಮರಿಯನ್ನು ಮಾತ್ರ ಕೊಲ್ಲುತ್ತದೆ. ಆದುದರಿಂದಲೇ ಅದನ್ನು 30 ದಿನ ಒಂದೇ ಮಟ್ಟದಲ್ಲಿ ಇಡಬೇಕಾಗುತ್ತದೆ. ಒಂದು ದಿನ ಮಟ್ಟ ಇಳಿದರೆ ಎಣಿಕೆ ಮತ್ತೆ ಒಂದರಿಂದ.

ತಾಮ್ರದಲ್ಲಿ ಎರಡು ಬಗೆಗಳಿವೆ. ಇವುಗಳ ಅಂಕಿಗಳನ್ನು ಒಂದಕ್ಕೊಂದು ಬೆರೆಸುವುದು ನಾನು ಕಂಡ ಅತಿ ದುಬಾರಿ ತಪ್ಪು. ಕಾಪರ್ ಸಲ್ಫೇಟಿನಿಂದ ಬರುವ ಅಯಾನಿಕ್ ತಾಮ್ರಕ್ಕೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಸಾಕು. ಚೀಲೇಟೆಡ್, ಅಂದರೆ ಬೇರೆ ಅಣುವೊಂದು ಹಿಡಿದಿಟ್ಟುಕೊಂಡ ತಾಮ್ರಕ್ಕೆ, ತಯಾರಕರ ಸೂಚನೆಯಂತೆ, ಸುಮಾರು 1.5ರಿಂದ 2.5 ಮಿಲಿಗ್ರಾಂ ಬೇಕು. ಸುಮಾರು ಹತ್ತು ಪಟ್ಟಿನ ವ್ಯತ್ಯಾಸ. ಚೀಲೇಟೆಡ್ ತಾಮ್ರದ ಅಂಕಿಯನ್ನು ಓದಿ ಅಯಾನಿಕ್ ಹಾಕಿದರೆ ಮೀನು ಉಳಿಯುವುದಿಲ್ಲ. ಅಯಾನಿಕ್ ಹಾಕುವ ಅಂಕಿಯಲ್ಲಿ ಚೀಲೇಟೆಡ್ ಹಾಕಿದರೆ ರೋಗಾಣು ಸಾಯುವುದಿಲ್ಲ. ಮನೆಯಲ್ಲಿ ಸಾಕುವವರಿಗೆ ನನ್ನ ಸಲಹೆ ಚೀಲೇಟೆಡ್. ಅದರಲ್ಲಿ ಮೀನು ತಡೆಯುವ ಮಟ್ಟಕ್ಕೂ ರೋಗಾಣು ಸಾಯುವ ಮಟ್ಟಕ್ಕೂ ನಡುವೆ ಜಾಗ ಹೆಚ್ಚು. ಮೊದಲ ದಿನವೇ ಪೂರ್ತಿ ಹಾಕದೆ ಮೂರು ನಾಲ್ಕು ದಿನಗಳಲ್ಲಿ ಏರಿಸಿ. ಬಣ್ಣ ಹೋಲಿಸುವ ಕಿಟ್‌ಗಿಂತ ಹ್ಯಾನಾ ಕಂಪನಿಯ ಡಿಜಿಟಲ್ ಚೆಕ್ಕರ್‌ನಂಥ ಉಪಕರಣವನ್ನು ನಾನು ನಂಬುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ತಿಳಿನೀಲಿಯ ಎರಡು ಛಾಯೆಗಳ ನಡುವೆ ತೀರ್ಮಾನಿಸುವುದು ಕಷ್ಟ.

ನೀರು ಆವಿಯಾದರೂ ತಾಮ್ರ ಆವಿಯಾಗುವುದಿಲ್ಲ. ಇಳಿದ ಮಟ್ಟಕ್ಕೆ ಬರೀ ಆರ್‌ಒ ನೀರು ತುಂಬಿ, ಆದರೆ ನೀರು ಬದಲಿಸುವಾಗ ಹೊಸ ಉಪ್ಪುನೀರಿಗೂ ಅದೇ ಪ್ರಮಾಣದ ತಾಮ್ರ ಸೇರಿಸಿ. ಸುಣ್ಣದ ಕಲ್ಲು, ಹವಳದ ಮರಳು, ಲೈವ್ ರಾಕ್ (ಸಣ್ಣ ಜೀವಿಗಳು ನೆಲೆಸಿದ ಕಡಲ ಕಲ್ಲು) ತಾಮ್ರವನ್ನು ಹೀರಿಕೊಳ್ಳುತ್ತವೆ, ಹಾಗಾಗಿ ಕ್ವಾರಂಟೈನ್ ತೊಟ್ಟಿಯಲ್ಲಿ ಬರಿ ಗಾಜಿನ ತಳ ಮತ್ತು ಪಿವಿಸಿ ಪೈಪಿನ ತುಂಡುಗಳಷ್ಟೇ ಇರಲಿ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾ ವಿಷವನ್ನು "ಕಟ್ಟಿಹಾಕುವ" ದ್ರವಗಳನ್ನು ತಾಮ್ರದ ಜೊತೆ ಬಳಸಬೇಡಿ. ಕೆಲವು ತಯಾರಿಕೆಗಳೊಂದಿಗೆ ಸೇರಿದಾಗ ತಾಮ್ರ ಇದ್ದಕ್ಕಿದ್ದಂತೆ ವಿಷವಾಗುತ್ತದೆ. ಸಿಗಡಿ, ಬಸವನಹುಳು, ಹವಳ ಇರುವ ತೊಟ್ಟಿಗೆ ತಾಮ್ರ ಎಂದಿಗೂ ಬೇಡ. ಮ್ಯಾಂಡರಿನ್, ಶಾರ್ಕ್, ತೊರಕೆ (ರೇ) ಮೀನುಗಳಿಗೂ ಬೇಡ.

ಕ್ಲೋರೋಕ್ವಿನ್ ಮಲೇರಿಯಾದ ಔಷಧಿ. ಲೀಟರಿಗೆ 10ರಿಂದ 15 ಮಿಲಿಗ್ರಾಂ ಹಾಕಿದರೆ ವೆಲ್ವೆಟ್ಟಿಗೂ ಬಿಳಿಚುಕ್ಕೆಗೂ ಕೆಲಸ ಮಾಡುತ್ತದೆ, ತಾಮ್ರ ತಡೆಯದ ಮೀನುಗಳಲ್ಲಿ ಹಲವು ಇದನ್ನು ತಡೆಯುತ್ತವೆ. ಆದರೆ ನನ್ನ ಎರಡನೇ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ನೀರಿನಲ್ಲಿ ಎಷ್ಟು ಉಳಿದಿದೆಯೆಂದು ಅಳೆಯುವ ಕಿಟ್ ಮನೆಬಳಕೆಗೆ ಸಿಗುವುದಿಲ್ಲ, ತೊಟ್ಟಿಯ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸಿದರೂ ನಮಗೆ ತಿಳಿಯುವುದಿಲ್ಲ. ಔಷಧಿ ಅಂಗಡಿಯ ಮಾತ್ರೆಯಲ್ಲಿ ಬೇರೆ ಪದಾರ್ಥಗಳೂ ಬೆರೆತಿರುತ್ತವೆ. ಇದನ್ನು ಮನೆಯಲ್ಲಿ ಇಡುವವರು ಬೀಗದೊಳಗೆ ಇಡಿ. 2020ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾದಲ್ಲಿ ಒಬ್ಬರು ಮೀನಿನ ತೊಟ್ಟಿಗೆಂದು ಇಟ್ಟಿದ್ದ ಕ್ಲೋರೋಕ್ವಿನ್ ಫಾಸ್ಫೇಟ್ ಸೇವಿಸಿ ಸತ್ತರು. ತಾಮ್ರ ಬಳಸಲಾಗದ ಮೀನಿಗೆ, ಶುದ್ಧ ಪುಡಿ ಮತ್ತು ಪಶುವೈದ್ಯರ ಮಾರ್ಗದರ್ಶನ ಎರಡೂ ಇದ್ದಾಗ ಮಾತ್ರ ಇದನ್ನು ಯೋಚಿಸಿ.

ತೊಟ್ಟಿ ಬದಲಿಸುವ ವಿಧಾನ ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಅದರಲ್ಲಿ ಔಷಧಿಯೇ ಇಲ್ಲ. ಮೀನಿನಿಂದ ಉದುರಿದ ಬಿಳಿಚುಕ್ಕೆಯ ಕೋಶ ಒಡೆಯಲು ಕನಿಷ್ಠ ಮೂರು ದಿನ ಬೇಕು. ಅದು ಒಡೆಯುವ ಮೊದಲೇ ಮೀನನ್ನು ಇನ್ನೊಂದು ಒಣ, ಸ್ವಚ್ಛ ತೊಟ್ಟಿಗೆ ಹೊಸ ಉಪ್ಪುನೀರಿನೊಂದಿಗೆ ಸಾಗಿಸಿದರೆ ಮರಿಗಳಿಗೆ ಮೀನೇ ಸಿಗುವುದಿಲ್ಲ. ಪ್ರತಿ 72 ಗಂಟೆಗೆ ಒಮ್ಮೆ, ಒಟ್ಟು ನಾಲ್ಕು ಸಲ: 1ನೇ ದಿನ ಬಂದ ಮೀನು 4, 7, 10, 13ನೇ ದಿನಗಳಲ್ಲಿ ತೊಟ್ಟಿ ಬದಲಿಸುತ್ತದೆ. ಮೈಮೇಲೆ ಇದ್ದ ಕೊನೆಯ ಜೀವಿಯೂ ಏಳು ದಿನಗಳೊಳಗೆ ಉದುರಿರುತ್ತದೆ, ಉಳಿದ ದಿನಗಳು ಭದ್ರತೆಗೆ. 40 ಲೀಟರಿನ ಎರಡು ಪ್ಲಾಸ್ಟಿಕ್ ಟಬ್ಬು, ಎರಡು ಹೀಟರ್, ಎರಡು ಗಾಳಿ ಕಲ್ಲು ಸಾಕು. ಐದು ಸಲ ತುಂಬಲು ಏಳು ಕಿಲೋದಷ್ಟು ಉಪ್ಪು ಬೇಕಾಗುತ್ತದೆ. ಫಿಲ್ಟರ್ ಬೇಡ, ಮೂರು ದಿನಗಳಲ್ಲಿ ಅಮೋನಿಯಾ ಅಪಾಯಕ್ಕೇರುವ ಮೊದಲೇ ನೀರು ಹೊಸದಾಗುತ್ತದೆ. ಆದರೂ ಅಮೋನಿಯಾ ತೋರಿಸುವ ಬಿಲ್ಲೆಯೊಂದನ್ನು ಗಾಜಿಗಂಟಿಸಿ.

ಮುಂಜಾನೆ, ದೀಪ ಹಾಕುವ ಮೊದಲು ವರ್ಗಾಯಿಸಿ. ಹಿಂದಿನ ತೊಟ್ಟಿಯ ನೀರು ಹೊಸದಕ್ಕೆ ಬಹಳ ಹೋಗಬಾರದು. ತೆರವಾದ ತೊಟ್ಟಿ, ಪೈಪು, ಬಲೆ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಲಿ. 72 ಗಂಟೆ ಎಂಬುದು 80 ಆಗಬಾರದು. ಕಚೇರಿ ಪ್ರವಾಸ ಇರುವ ವಾರದಲ್ಲಿ ಇದನ್ನು ಆರಂಭಿಸಬೇಡಿ.

ಇದರ ಮಿತಿ ಒಂದೇ, ಆದರೆ ದೊಡ್ಡದು: ಬಿಳಿಚುಕ್ಕೆಗೆ ಮಾತ್ರ ಆಗುತ್ತದೆ. ವೆಲ್ವೆಟ್ಟಿನ ಕೋಶ 72 ಗಂಟೆ ಕಾಯುವುದಿಲ್ಲ, ಅದಕ್ಕೆ ಮೊದಲೇ ಒಡೆದು ಒಂದು ಕೋಶದಿಂದ 256ರವರೆಗೆ ಮರಿಗಳು ಹೊರಬರಬಹುದು. ಬ್ರೂಕ್ಲಿನೆಲ್ಲಾ ಮೀನಿನ ಮೈಮೇಲೆಯೇ ಪ್ರಯಾಣ ಮಾಡುತ್ತದೆ.

ಲವಣ ಇಳಿಸುವ ವಿಧಾನ ನಾಲ್ಕನೆಯದು. ಕಡಲ ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಅದನ್ನು ಎರಡು ದಿನಗಳಲ್ಲಿ 1.009ಕ್ಕೆ ಇಳಿಸಿ, ಕೊನೆಯ ಚುಕ್ಕೆ ಹೋದ ಮೇಲೆ ನಾಲ್ಕು ವಾರ ಹಾಗೆಯೇ ಇಟ್ಟರೆ ಕೋಶದೊಳಗಿನ ಜೀವಿ ಒಡೆದು ಸಾಯುತ್ತದೆ. ಮೀನಿನ ಮೇಲಿನ ಹೊರೆಯೂ ಕಡಿಮೆಯಾಗುತ್ತದೆ. ಮರಳಿ ಏರಿಸುವಾಗ ವಾರಕ್ಕೂ ಹೆಚ್ಚು ಸಮಯ ಕೊಡಿ, ಇಳಿಸುವುದಕ್ಕಿಂತ ಏರಿಸುವುದೇ ಮೀನಿಗೆ ಕಷ್ಟ. 1.009 ಎಂದರೆ 1.009. 1.012ರಲ್ಲಿ ನಿಂತರೆ ಪ್ರಯೋಜನವಿಲ್ಲ, ಹಾಗಾಗಿ ತೇಲುವ ಪ್ಲಾಸ್ಟಿಕ್ ಮಾಪಕ ಬೇಡ, ಲವಣವನ್ನು ಬೆಳಕಿನ ಬಾಗುವಿಕೆಯಿಂದ ಅಳೆಯುವ, ಸರಿಹೊಂದಿಸಿದ ರಿಫ್ರಾಕ್ಟೋಮೀಟರ್ ಬೇಕು. ಪಿಎಚ್ ಕುಸಿಯುವುದನ್ನೂ ನೋಡುತ್ತಿರಬೇಕು. ವೆಲ್ವೆಟ್ ಇದಕ್ಕೆ ಜಗ್ಗುವುದಿಲ್ಲ. ಬಿಳಿಚುಕ್ಕೆಯ ಕೆಲವು ತಳಿಗಳೂ ಕಡಿಮೆ ಲವಣದಲ್ಲಿ ಬದುಕುತ್ತವೆ. ಶಾರ್ಕ್, ತೊರಕೆಗಳಿಗೆ ಇದು ಸಲ್ಲದು. ಒಂದು ಕಾಲದಲ್ಲಿ ನಾನು ಇದನ್ನೇ ಹೆಚ್ಚು ಬಳಸುತ್ತಿದ್ದೆ, ಈಗ ತೊಟ್ಟಿ ಬದಲಿಸುವುದನ್ನು ಆರಿಸಿಕೊಳ್ಳುತ್ತೇನೆ. ಅಷ್ಟೇ ಸೌಮ್ಯ, ಅರ್ಧಕ್ಕಿಂತ ಕಡಿಮೆ ಸಮಯ.

ನಾಲ್ಕರಲ್ಲಿ ಒಂದನ್ನು ಹೇಳಿ ಎಂದರೆ: ಚುಕ್ಕೆಗಳು ಬಿಡಿಬಿಡಿಯಾಗಿದ್ದು, ಉಸಿರಾಟ ಸರಿಯಿದ್ದು, ಬಿಳಿಚುಕ್ಕೆಯೇ ಎಂಬ ಖಾತ್ರಿಯಿದ್ದರೆ ತೊಟ್ಟಿ ಬದಲಿಸಿ. ವೆಲ್ವೆಟ್ ಇರಬಹುದೆಂಬ ಸಣ್ಣ ಸಂದೇಹವಿದ್ದರೂ ತಾಮ್ರ. ವೆಲ್ವೆಟ್ ಉಲ್ಬಣಿಸಿದಾಗ ತಾಮ್ರ ಏರುವ ಮೂರು ದಿನಗಳವರೆಗೆ ಮೀನು ಬದುಕುವುದೇ ಕಷ್ಟ. ಆಗ ಮೊದಲು ಸಿಹಿನೀರ ಸ್ನಾನ ಮಾಡಿಸಿ, ಜೋರಾಗಿ ಗಾಳಿ ಬಿಟ್ಟು, ತಾಮ್ರವನ್ನು ಒಂದೆರಡು ದಿನಗಳಲ್ಲೇ ಮಟ್ಟಕ್ಕೇರಿಸುವ ಧೈರ್ಯ ಮಾಡಬೇಕಾಗುತ್ತದೆ.

ಲೋಳೆಗೆ ಫಾರ್ಮಲಿನ್, ಹುಳುವಿಗೆ ಪ್ರಾಜಿಕ್ವಾಂಟೆಲ್

ಬ್ರೂಕ್ಲಿನೆಲ್ಲಾಕ್ಕೆ ನಾನು ನಂಬುವುದು ಫಾರ್ಮಲಿನ್ ಸ್ನಾನ. ಶೇ. 37ರ ಫಾರ್ಮಾಲ್ಡಿಹೈಡ್ ದ್ರಾವಣವನ್ನು ನಮ್ಮ ಬೆಚ್ಚಗಿನ ನೀರಿಗೆ 10 ಲೀಟರಿಗೆ 1.5 ಮಿಲಿಲೀಟರಿನಂತೆ ಹಾಕಿ, ಬೇರೆ ಬಕೆಟ್ಟಿನಲ್ಲಿ 30ರಿಂದ 60 ನಿಮಿಷ ಮೀನನ್ನು ಇಟ್ಟು, ಆಮೇಲೆ ಹೊಸ ತೊಟ್ಟಿಗೆ ಬಿಡುವುದು. ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕಸಿಯುತ್ತದೆ, ಗಾಳಿ ಪಂಪು ಇಡೀ ಹೊತ್ತು ಓಡುತ್ತಿರಬೇಕು ಮತ್ತು ನೀವು ಬಕೆಟ್ಟಿನ ಪಕ್ಕದಿಂದ ಏಳಬಾರದು. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಟ್ಟಿದ್ದರೆ ಆ ಬಾಟಲಿಯನ್ನು ಬಳಸಬೇಡಿ, ಅದು ಮೀನಿಗೆ ಇನ್ನೂ ದೊಡ್ಡ ವಿಷ. ಮನುಷ್ಯರಿಗೆ ಫಾರ್ಮಲಿನ್ ಕ್ಯಾನ್ಸರ್ ತರುವ ವಸ್ತು. ಕೈಗವಸು, ಕನ್ನಡಕ ಹಾಕಿಕೊಂಡು, ಬಾಲ್ಕನಿಯಲ್ಲಿ, ಮಕ್ಕಳನ್ನು ದೂರವಿಟ್ಟು ಮಾಡಿ. ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೂ ಇದನ್ನೇ ಸೂಚಿಸುವುದೇಕೆಂದರೆ, ಬ್ರೂಕ್ಲಿನೆಲ್ಲಾ ಬಂದ ಕ್ಲೌನ್ ಮೀನಿನ ಮುಂದೆ ನಿಮಗಿರುವುದು ಒಂದೆರಡು ದಿನ ಮಾತ್ರ. ಯೂರೋನೆಮಾಕ್ಕೂ ಫಾರ್ಮಲಿನ್ ಸ್ನಾನ, ಜೊತೆಗೆ ಆಹಾರದಲ್ಲಿ ಮೆಟ್ರೋನಿಡಜೋಲ್ ಪ್ರಯತ್ನಿಸುತ್ತಾರೆ. ಆದರೆ ಗಾಯ ಮಾಂಸಕ್ಕಿಳಿದ ಮೇಲೆ ಉಳಿಯುವ ಮೀನುಗಳು ವಿರಳ.

ಈ ಸಂಕಟದಿಂದ ಪಾರಾಗಲು ಇನ್ನೂ ಸರಳ ದಾರಿಯಿದೆ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿಮಾಡಿಸುವ ತಂತ್ರವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿ ವರ್ಷಗಳೇ ಆಗಿವೆ. ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಕೊಳ್ಳಿ. ಕಡಲೂ ಉಳಿಯುತ್ತದೆ, ಫಾರ್ಮಲಿನ್ ಬಾಟಲಿಯೂ ಕಪಾಟಿನಲ್ಲೇ ಉಳಿಯುತ್ತದೆ.

ಫ್ಲೂಕಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ಅದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ಒಡೆದ ಮೇಲೆ, ಆದರೆ ಮರಿಹುಳು ದೊಡ್ಡದಾಗಿ ಮತ್ತೆ ಮೊಟ್ಟೆಯಿಡುವ ಮೊದಲು ಎರಡನೇ ಸಲ ಹಾಕಬೇಕು. ನಮ್ಮ ತೊಟ್ಟಿಯ ಉಷ್ಣತೆಯಲ್ಲಿ ಐದರಿಂದ ಏಳು ದಿನಗಳ ಅಂತರ ಸರಿಹೋಗುತ್ತದೆ. ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಂದು ಶೀಶೆಯಲ್ಲಿ ತೊಟ್ಟಿಯದೇ ನೀರು ಹಾಕಿ ಹತ್ತು ನಿಮಿಷ ಕುಲುಕಿ, ತಳದಲ್ಲಿ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಕುಲುಕಿ. ಮೇಲೆ ತೇಲುವ ಪುಡಿ ಔಷಧಿಯಲ್ಲ, ನಷ್ಟ. ಮಾರನೆಯ ದಿನ ನೀರು ಮಬ್ಬಾಗುವುದುಂಟು, ಅದು ಬ್ಯಾಕ್ಟೀರಿಯಾ ಹೆಚ್ಚಿದ್ದರಿಂದ. ಗಾಳಿ ಹೆಚ್ಚಿಸಿ. ರ‍್ಯಾಸ್ ಜಾತಿಯ ಕೆಲವು ಮೀನುಗಳು ಒಂದೆರಡು ದಿನ ಊಟ ಬಿಡುತ್ತವೆ. ಬ್ಲ್ಯಾಕ್ ಇಕ್‌ಗೂ ಇದೇ ಔಷಧಿ. ಇಲ್ಲಿರುವ ಎಲ್ಲ ಔಷಧಿಗಳ ಪೈಕಿ ರೋಗ ಕಾಣದಿದ್ದರೂ ಹಾಕಲು ನಾನು ಅತಿ ಕಡಿಮೆ ಹಿಂಜರಿಯುವುದು ಇದಕ್ಕೆ.

ನೋಡುತ್ತಾ ಕಾಯುವುದೋ, ಮುಂಚಿತವಾಗಿ ಹಾಕುವುದೋ

ರೋಗವಿರಲಿ ಇಲ್ಲದಿರಲಿ ಬಂದ ಮೀನಿಗೆಲ್ಲ ತಾಮ್ರ, ಪ್ರಾಜಿಕ್ವಾಂಟೆಲ್ ಹಾಕಿಬಿಡುವವರಿದ್ದಾರೆ. ಬರೀ ನೋಡುತ್ತಾ ನಾಲ್ಕು ವಾರ ಕಾಯುವವರೂ ಇದ್ದಾರೆ. ಮೊದಲನೆಯವರಿಗೆ ಬಲವಾದ ಕಾರಣವಿದೆ: ವೆಲ್ವೆಟ್ ಕಿವಿರಿನಲ್ಲಿ ಅಡಗುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಬಿಳಿಚುಕ್ಕೆಯಿಂದ ಒಮ್ಮೆ ಪಾರಾದ ಮೀನು ಒಂದಿಷ್ಟು ನಿರೋಧಶಕ್ತಿ ಗಳಿಸಿ, ಚುಕ್ಕೆ ತೋರಿಸದೆಯೇ ರೋಗ ಹೊತ್ತು ತರಬಲ್ಲದು. ಎರಡನೆಯವರಿಗೂ ಕಾರಣವಿದೆ: ಚೆನ್ನೈನಿಂದಲೋ ಮುಂಬೈಯಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಬಂದ, ವಾರದಿಂದ ಊಟ ಮಾಡದ ಮೀನಿಗೆ ತಾಮ್ರ ಇನ್ನೊಂದು ಪೆಟ್ಟು.

ನಾನು ನಡುವೆ ನಿಲ್ಲುತ್ತೇನೆ. ಮೊದಲ ನಾಲ್ಕು ದಿನ ಊಟ ಹಿಡಿಸುವುದೇ ಕೆಲಸ, ಔಷಧಿಯಿಲ್ಲ, ದಿನವೂ ಉಸಿರು ಎಣಿಕೆ. ಊಟ ಹಿಡಿದ ಟ್ಯಾಂಗ್, ಏಂಜಲ್, ಚಿಟ್ಟೆಮೀನುಗಳಿಗೆ ಮುಂಚಿತವಾಗಿಯೇ ತಾಮ್ರ, ಅದು ಮುಗಿದ ಮೇಲೆ ಪ್ರಾಜಿಕ್ವಾಂಟೆಲ್. ಗೋಬಿ, ಬ್ಲೆನ್ನಿ, ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಮರಿಗಳನ್ನು ನೋಡುತ್ತಾ ನಾಲ್ಕು ವಾರ ಇಡುತ್ತೇನೆ. ಮ್ಯಾಂಡರಿನ್ನಿಗೆ ತೊಟ್ಟಿ ಬದಲಾವಣೆ. ಉಸಿರಿನ ಎಣಿಕೆ ಏರಿದ ದಿನ ಈ ಯಾವ ಲೆಕ್ಕವೂ ಇಲ್ಲ, ಬಕೆಟ್ಟು ಮತ್ತು ಮೈಕ್ರೋಸ್ಕೋಪು ಹೊರಬರುತ್ತವೆ.

ಚೀಲ ತೆರೆಯುವುದರ ಬಗ್ಗೆಯೂ ಒಂದು ಮಾತು. ರಾತ್ರಿಯಿಡೀ ಮುಚ್ಚಿದ್ದ ಚೀಲದಲ್ಲಿ ಅಮೋನಿಯಾ ತುಂಬಿರುತ್ತದೆ, ಪಿಎಚ್ ಇಳಿದಿರುವುದರಿಂದ ಅದರ ವಿಷ ಅಡಗಿರುತ್ತದೆ. ಬಾಯಿ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಟು, ಪಿಎಚ್ ಏರಿ, ಅಮೋನಿಯಾ ವಿಷವಾಗುತ್ತದೆ. ಬಾಯಿ ತೆರೆದು ಒಂದು ಗಂಟೆ ಹನಿಹನಿಯಾಗಿ ನೀರು ಬಿಡುವ ಪದ್ಧತಿ ದೂರದಿಂದ ಬಂದ ಮೀನಿಗೆ ಒಳ್ಳೆಯದಲ್ಲ. ಚೀಲದ ನೀರಿನ ಲವಣ ಎಷ್ಟೆಂದು ಮಾರಾಟಗಾರರನ್ನು ಮೊದಲೇ ಕೇಳಿ, ತೊಟ್ಟಿಯ ಲವಣವನ್ನು ಅದಕ್ಕೆ ಹೊಂದಿಸಿಟ್ಟು, ಚೀಲವನ್ನು ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ ಮೀನನ್ನು ನೇರವಾಗಿ ಬಿಡಿ.

ಹೀಗೆಲ್ಲ ಮಾಡಿಯೂ ರೋಗ ಮುಖ್ಯ ತೊಟ್ಟಿಗೆ ಹೊಕ್ಕರೆ ಅಲ್ಲಿ ಹವಳಗಳ ನಡುವೆ ಸುರಿಯಬಹುದಾದ, ನಂಬಬಹುದಾದ ಔಷಧಿಯಿಲ್ಲ. ಎಲ್ಲ ಮೀನುಗಳನ್ನೂ ಹೊರತೆಗೆದು ಚಿಕಿತ್ಸೆ ಕೊಟ್ಟು, ಮುಖ್ಯ ತೊಟ್ಟಿಯನ್ನು ಮೀನಿಲ್ಲದೆ 76 ದಿನ ಬಿಡಬೇಕು. ಬಿಳಿಚುಕ್ಕೆಯ ಕೋಶವೊಂದು 72 ದಿನಗಳ ಮೇಲೂ ಒಡೆದದ್ದು ದಾಖಲಾಗಿದೆ, ಅದರ ಮೇಲೆ ನಾಲ್ಕು ದಿನ ಸೇರಿಸಿದ ಲೆಕ್ಕ ಇದು. ಸಿಗಡಿ, ಹವಳಗಳು ಅಲ್ಲಿಯೇ ಇರಲಿ, ಅವುಗಳಿಗೆ ದಿನಾ ಚಿಟಿಕೆ ಆಹಾರ ಹಾಕುತ್ತಿರಿ. ಆ ಎರಡೂವರೆ ತಿಂಗಳು ಎರಡು ತೊಟ್ಟಿಗಳಿಗೂ ಬೇರೆ ಬೇರೆ ಬಲೆ, ಬೇರೆ ಬೇರೆ ಬಕೆಟ್. ಮೊದಲು ಮುಖ್ಯ ತೊಟ್ಟಿಯ ಕೆಲಸ, ಆಮೇಲೆ ಕ್ವಾರಂಟೈನಿನದು, ಎಂದೂ ಹಿಂದುಮುಂದಾಗಬಾರದು. ನನ್ನ ಮನೆಯಲ್ಲಿ ಕ್ವಾರಂಟೈನಿನ ಬಲೆಯ ಹಿಡಿಕೆಗೆ ಕೆಂಪು ಟೇಪು ಸುತ್ತಿದ್ದೇನೆ. ಆರು ವರ್ಷದ ಮಗಳಿಗೂ ಗೊತ್ತು, ಕೆಂಪು ಬಲೆ ಹವಳದ ತೊಟ್ಟಿಯ ಹತ್ತಿರ ಬರುವಂತಿಲ್ಲ.